ಸುಮ್ಮನಿದ್ದಾಗಲೇ ಕೀಂಗುಡುವ ಲ್ಯಾಪ್‌ಟಾಪ್: ಸದ್ದು ನಿಲ್ಲಿಸುವುದು ಹೇಗೆ?

ರಾತ್ರಿ ಮನೆಯೆಲ್ಲ ನಿಶ್ಶಬ್ದವಾದ ಮೇಲೆ ಲ್ಯಾಪ್‌ಟಾಪ್ ಒಳಗಿಂದ ಜೀರುಂಡೆ ಕೂಗಿದಂತೆ ಸಣ್ಣಗೆ ‘ಕೀಂ’ ಎನ್ನುವ ಸದ್ದು. ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿದರೆ ಶ್ರುತಿ ಬದಲಾಗುತ್ತದೆ, ಬೆರಳೆತ್ತಿದರೆ ಮತ್ತೆ ಮೊದಲಿನ ಹಾಗೆ. ಇಂಥ ಸದ್ದಿಗೆ ಫ್ಯಾನ್ ಬದಲಿಸಿ ದುಡ್ಡು ಕಳೆಯಬೇಡಿ. ಇದರ ಮೂಲ ಬಹುಮಟ್ಟಿಗೆ ಪ್ರೊಸೆಸರ್‌ನ ನಿದ್ದೆಯಲ್ಲಿದೆ.

ಕೆಲಸವಿಲ್ಲದಾಗ ಪ್ರೊಸೆಸರ್ ಕರೆಂಟ್ ಉಳಿಸಲು ನಿದ್ದೆಗೆ ಜಾರುತ್ತದೆ. ಈ ನಿದ್ದೆಯ ಹಂತಗಳಿಗೆ ಸಿ-ಸ್ಟೇಟ್ ಎಂದು ಹೆಸರು. ಸಿ1 ಎಂದರೆ ತೂಕಡಿಕೆ. ಸಿ6 ಎಂದರೆ ಗಾಢ ನಿದ್ದೆ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೀಗೆ ಮಲಗಿ ಏಳುವಾಗ ಕರೆಂಟ್ ಏರಿಳಿಯುತ್ತದೆ. ಆಗ ಬೋರ್ಡಿನ ಮೇಲಿನ ಕಾಯಿಲ್‌ಗಳೂ ಸೆರಾಮಿಕ್ ಕೆಪಾಸಿಟರ್‌ಗಳೂ ನಡುಗುತ್ತವೆ. ತಂಬೂರಿಯ ಬುರುಡೆ ತಂತಿಯ ನಾದವನ್ನು ಹಿಗ್ಗಿಸುವಂತೆ ಬೋರ್ಡು ಆ ನಡುಕವನ್ನು ಹಿಗ್ಗಿಸುತ್ತದೆ.

ಹಂತ 1: ಪರೀಕ್ಷೆ. ಚಾರ್ಜರ್ ಕಿತ್ತು ಕೇಳಿ. ಸದ್ದು ಚಾರ್ಜರ್‌ನಿಂದಲೇ ಬರುತ್ತಿರಬಹುದು. ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸಿದರೆ ಅದು ಆಡಿಯೊ ತೊಂದರೆ, ಬೇರೆ ವಿಷಯ. ಪತ್ರಿಕೆಯ ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಕೀಬೋರ್ಡ್ ಮೇಲೆ ಆಡಿಸಿದರೆ ಜಾಗ ಗೊತ್ತಾಗುತ್ತದೆ. ಈಗ ದೊಡ್ಡ ಫೋಲ್ಡರೊಂದನ್ನು ಜಿಪ್ ಮಾಡಲು ಹಚ್ಚಿ. ಕೆಲಸ ನಡೆಯುವಷ್ಟೂ ಹೊತ್ತು ಸದ್ದಡಗಿ, ಮುಗಿದೊಡನೆ ಮರಳಿದರೆ ಸಿ-ಸ್ಟೇಟ್ ಮೇಲಿನ ಅನುಮಾನ ಗಟ್ಟಿ. ಗೇಮ್ ಆಡುವಾಗಷ್ಟೇ ಬಂದರೆ ಗ್ರಾಫಿಕ್ಸ್ ಕಾರ್ಡಿನದು. ಗೇಮಿನ ಫ್ರೇಮ್ ಮಿತಿಯನ್ನು 60ಕ್ಕೆ ಇಳಿಸಿ ನೋಡಿ.

ಹಂತ 2: ಬಯಾಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ. ಒಳಹೋಗುವ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ; ಬಯಾಸ್ ಬದಲಿಸಿದ ಮೇಲೆ ಅದನ್ನು ಕೇಳಬಹುದು. ಇದನ್ನು ಮರೆತವರು ಸಣ್ಣ ಸದ್ದು ನಿಲ್ಲಿಸಲು ಹೋಗಿ ಫೈಲುಗಳನ್ನೇ ತೆರೆಯಲಾಗದೆ ಕೂರಬೇಕಾದೀತು. ಆನ್ ಮಾಡುವಾಗ ಎಫ್2 ಅಥವಾ ಡಿಲೀಟ್ ಒತ್ತಿ (ಕೆಲವು ಕಂಪನಿಗಳಲ್ಲಿ ಎಫ್10), ಅಡ್ವಾನ್ಸ್ಡ್ ವಿಭಾಗದ ಸಿಪಿಯು ಸೆಟ್ಟಿಂಗ್‌ಗೆ ಹೋಗಿ. ಎಲ್ಲ ಸಿ-ಸ್ಟೇಟ್‌ಗಳನ್ನೂ ಒಮ್ಮೆಗೇ ಆಫ್ ಮಾಡಬೇಡಿ. ಮೊದಲು ‘ಪ್ಯಾಕೇಜ್ ಸಿ-ಸ್ಟೇಟ್ ಲಿಮಿಟ್’ (ಇಡೀ ಚಿಪ್ ಎಷ್ಟು ಗಾಢವಾಗಿ ಮಲಗಬಹುದೆಂಬ ಮಿತಿ) ಅನ್ನು ಒಂದೊಂದೇ ಮೆಟ್ಟಿಲು ಇಳಿಸಿ, ಪ್ರತಿ ಸಲ ಸೇವ್ ಮಾಡಿ, ಐದು ನಿಮಿಷ ಕಿವಿಗೊಡಿ. ಆಗಲೂ ನಿಲ್ಲದಿದ್ದರೆ ಮಾತ್ರ ‘ಸಿ-ಸ್ಟೇಟ್ಸ್’ ಆಫ್. ಎಎಮ್‌ಡಿ ಬೋರ್ಡುಗಳಲ್ಲಿ ಇದಕ್ಕೆ ‘ಗ್ಲೋಬಲ್ ಸಿ-ಸ್ಟೇಟ್ ಕಂಟ್ರೋಲ್’ ಎಂಬ ಹೆಸರಿರುತ್ತದೆ. ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಎಷ್ಟೋ ಸಲ ಈ ಆಯ್ಕೆಗಳೇ ಇರುವುದಿಲ್ಲ.

ವಿಂಡೋಸ್ ಪವರ್ ಆಪ್ಶನ್ಸ್‌ನಲ್ಲಿ ‘ಮಿನಿಮಮ್ ಪ್ರೊಸೆಸರ್ ಸ್ಟೇಟ್’ 100 ಮಾಡಿದರೆ ಸಾಕು ಎನ್ನುವವರಿದ್ದಾರೆ. ಅದು ಗಡಿಯಾರದ ವೇಗವನ್ನು ಹಿಡಿದಿಡುತ್ತದೆಯೇ ಹೊರತು ನಿದ್ದೆಯನ್ನು ತಡೆಯುವುದಿಲ್ಲ.

ನಿದ್ದೆ ಕೆಡಿಸಿದ್ದಕ್ಕೆ ಬೆಲೆ ಇದೆ. ಬ್ಯಾಟರಿ ಬೇಗ ಇಳಿಯುತ್ತದೆ, ಬಿಸಿ ಹೆಚ್ಚುತ್ತದೆ. ಉಳಿದ ಕೋರ್‌ಗಳು (ಪ್ರೊಸೆಸರ್ ಒಳಗಿನ ಬಿಡಿ ಘಟಕಗಳು) ಮಲಗದೆ ಇದ್ದರೆ ಇಂಟೆಲ್ ಚಿಪ್‌ಗಳಲ್ಲಿ ಒಂದು ಕೋರ್ ಮುಟ್ಟಬಹುದಾದ ಗರಿಷ್ಠ ಟರ್ಬೊ ವೇಗವೂ ಕೈತಪ್ಪಬಹುದು. ಡೆಸ್ಕ್‌ಟಾಪ್‌ನಲ್ಲಿ ಇದನ್ನು ಸಹಿಸಬಹುದು. ಬ್ಯಾಟರಿಯಲ್ಲೇ ದಿನ ದೂಡುವ ಲ್ಯಾಪ್‌ಟಾಪ್‌ಗೆ ನಮ್ಮ ಶಿಫಾರಸು ‘ಪ್ಯಾಕೇಜ್ ಸಿ-ಸ್ಟೇಟ್ ಲಿಮಿಟ್’ ಅನ್ನು ಒಂದು ಮೆಟ್ಟಿಲು ಇಳಿಸುವುದಷ್ಟೇ.

ನಡುಕ ತಡೆಯಲು ಕಾಯಿಲ್‌ಗೆ ಅಂಟು ಸುರಿಯುವ ಉಪಾಯ ಲ್ಯಾಪ್‌ಟಾಪ್‌ಗೆ ಬೇಡ, ವಾರಂಟಿ ಹೋಗುತ್ತದೆ. ಡೆಸ್ಕ್‌ಟಾಪಿನ ಪವರ್ ಸಪ್ಲೈ ಡಬ್ಬವನ್ನಂತೂ ಬಿಚ್ಚಲೇಬೇಡಿ: ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಮೀರಿದ ವಿದ್ಯುತ್ ಉಳಿದಿರಬಹುದು. ಬರೀ ಕೀಂ ಸದ್ದಿನಿಂದ ಯಂತ್ರ ಕೆಡುವುದಿಲ್ಲ. ಸುಟ್ಟ ವಾಸನೆ ಬಂದರೆ ಅಥವಾ ಯಂತ್ರ ತಾನಾಗಿ ಆಫ್ ಆಗುತ್ತಿದ್ದರೆ ತಡಮಾಡದೆ ಸರ್ವೀಸ್ ಸೆಂಟರ್‌ಗೆ ಒಯ್ಯಿರಿ.