ಶಶಿಗೆ ಮಧ್ಯದ ಹೆಸರು ಹುಡುಕಿದ್ದು: ನನ್ನ ಅನುಭವ

ಮಗಳಿಗೆ ಇಡುವ ಮೊದಲ ಹೆಸರು ಹೆಣ್ಣಿಗೂ ಗಂಡಿಗೂ ಒಪ್ಪುವಂಥದ್ದಾಗಿರಬೇಕು ಎಂಬ ವಿಷಯದಲ್ಲಿ ನನಗೂ ನನ್ನ ಪತಿಗೂ ಮೊದಲಿನಿಂದಲೇ ಒಮ್ಮತವಿತ್ತು. ಅವಳನ್ನು ಕಾಣುವ ಮುನ್ನವೇ, ಕಾಗದದ ಮೇಲಿನ ಹೆಸರನ್ನಷ್ಟೇ ಓದಿ ಯಾರೂ ಅವಳ ಬಗ್ಗೆ ತೀರ್ಮಾನಕ್ಕೆ ಬರಬಾರದು ಎಂಬುದು ನನ್ನ ಕಾರಣ. ಹೆಸರು ಚಿಕ್ಕದಾಗಿರಲಿ, ಕೂಗಲು ಸುಲಭವಾಗಿರಲಿ ಎಂಬುದು ಅವರ ಕಾರಣ. ಒಮ್ಮತವಿಲ್ಲದೆ ಹೋದದ್ದು ಮಧ್ಯದ ಹೆಸರಿನಲ್ಲಿ. ಮೊದಲ ಹೆಸರು ಮುಚ್ಚಿಟ್ಟದ್ದನ್ನು ಎರಡನೆಯದಾದರೂ ಹೇಳಲಿ, ಅದು ಸ್ಪಷ್ಟವಾಗಿ ಹೆಣ್ಣಿನ ಹೆಸರೇ ಆಗಿರಲಿ ಎಂದು ಮನೆಯ ಹಿರಿಯರು ಹೇಳಿದಾಗ ನಾವಿಬ್ಬರೂ ಹೆಚ್ಚು ಯೋಚಿಸದೆ ಒಪ್ಪಿಕೊಂಡುಬಿಟ್ಟಿದ್ದೆವು.

ಮೊದಲ ಹೆಸರಿಗಾಗಿ ಮಾಡಿದ ಪಟ್ಟಿಯಲ್ಲಿ ಕಿರಣ, ಉದಯ, ಸುಮನ್, ಚೇತನ, ಕೀರ್ತಿ, ಶಶಿ ಎಂಬ ಹೆಸರುಗಳಿದ್ದವು. ಎಲ್ಲಕ್ಕಿಂತ ಮೇಲೆ ಕಿರಣ ಇತ್ತು. 1972ರಲ್ಲಿ ಭಾರತೀಯ ಪೊಲೀಸ್ ಸೇವೆಗೆ ಸೇರಿದ ಕಿರಣ್ ಬೇಡಿ ಅವರದೂ ವಿಕೆಟ್ ಕೀಪರ್ ಕಿರಣ್ ಮೋರೆ ಅವರದೂ ಒಂದೇ ಹೆಸರು ಎಂದಮೇಲೆ ಇದಕ್ಕಿಂತ ಸಮನಾದ ಹೆಸರು ಬೇರೆ ಯಾವುದಿದ್ದೀತು ಎಂದುಕೊಂಡಿದ್ದೆ. ಆದರೆ ಪಟ್ಟಿಯನ್ನು ಓದುವುದನ್ನು ಬಿಟ್ಟು ಒಂದೊಂದು ಹೆಸರನ್ನೂ ವಾಕ್ಯದಲ್ಲಿ ಇಟ್ಟು ಹೇಳಿ ನೋಡಿದಾಗ ಬೇರೆಯೇ ಸಂಗತಿ ಕಂಡಿತು. ಕಿರಣನ ಪುಸ್ತಕ, ಕಿರಣಳ ಪುಸ್ತಕ. ಉದಯನಿಗೆ ಹೇಳು, ಉದಯಳಿಗೆ ಹೇಳು. ಅಕಾರದಿಂದ ಮುಗಿಯುವ ಹೆಸರಿಗೆ ವಿಭಕ್ತಿ ಸೇರಿದೊಡನೆ ಕನ್ನಡವು ನಕಾರವನ್ನೋ ಳಕಾರವನ್ನೋ ನಡುವೆ ತಂದು, ವ್ಯಕ್ತಿ ಗಂಡೋ ಹೆಣ್ಣೋ ಎಂಬುದನ್ನು ಹೆಸರಿನ ಬಾಲದಲ್ಲೇ ಹೇಳಿಬಿಡುತ್ತದೆ. ಇಕಾರದಿಂದ ಮುಗಿಯುವ ಹೆಸರು ಹಾಗಲ್ಲ. ಶಶಿಯ, ಶಶಿಗೆ, ಶಶಿಯನ್ನು, ಶಶಿಯಿಂದ: ಯಾರ ವಿಷಯವಾದರೂ ಇದೇ ರೂಪ. ಮರ್ಯಾದೆಯಿಂದ ‘ಶಶಿಯವರು ಬಂದರು’ ಎಂದಾಗಲಂತೂ ಕ್ರಿಯಾಪದವೂ ಗುಟ್ಟು ಬಿಡುವುದಿಲ್ಲ. ಹೆಸರುಗಳನ್ನು ಅರ್ಥದೊಡನೆ ಅಕಾರಾದಿಯಾಗಿ ಕೊಡುವ ಪುಸ್ತಕಗಳನ್ನು ತಿರುವಿಹಾಕಿದ್ದಕ್ಕಿಂತ ಈ ಒಂದು ಪರೀಕ್ಷೆಯಿಂದ ನಮಗೆ ಹೆಚ್ಚು ಪ್ರಯೋಜನವಾಯಿತು.

ಹೀಗೆ ಉಳಿದವು ಕೀರ್ತಿ ಮತ್ತು ಶಶಿ. ಕ್ರಿಕೆಟ್ ಆಟಗಾರ ಕೀರ್ತಿ ಆಜಾದ್ ಅವರನ್ನು ಬಿಟ್ಟರೆ ಕೀರ್ತಿ ಎಂಬ ಗಂಡಸು ನನಗೆ ಥಟ್ಟನೆ ನೆನಪಾಗಲಿಲ್ಲ. ಎರಡೂ ಕಡೆ ನಡೆಯುವ ಹೆಸರುಗಳು ಒಮ್ಮೆ ಹೆಣ್ಣುಮಕ್ಕಳ ಕಡೆಗೆ ವಾಲಿದರೆ ಮರಳಿ ಬರುವುದು ಕಡಿಮೆ ಎಂಬುದನ್ನು ಇಂಗ್ಲಿಷಿನ ಆಶ್ಲಿ, ಈವ್ಲಿನ್‌ ಮೊದಲಾದ ಹೆಸರುಗಳಲ್ಲಿ ನೋಡಬಹುದು. ಇವು ಹಿಂದೆ ಗಂಡಸರ ಹೆಸರುಗಳಾಗಿದ್ದವು. ಶಶಿಯಲ್ಲಿ ಆ ವಾಲು ಕಾಣಲಿಲ್ಲ. ನಟ ಶಶಿ ಕಪೂರ್ ಮತ್ತು ಧಾರವಾಡದಲ್ಲಿ ಹುಟ್ಟಿದ ಕಾದಂಬರಿಗಾರ್ತಿ ಶಶಿ ದೇಶಪಾಂಡೆ ಇಬ್ಬರೂ ಹೆಸರನ್ನು ಸಮವಾಗಿ ಹಂಚಿಕೊಂಡಿದ್ದಾರೆ. ಸಂಸ್ಕೃತದಲ್ಲಿ ಈ ಪದ ಪುಲ್ಲಿಂಗವಲ್ಲವೇ ಎಂದು ಆಪ್ತರೊಬ್ಬರು ತೆಗೆದ ತಕರಾರನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮೊಲದ ಗುರುತುಳ್ಳದ್ದು ಎಂಬ ಅರ್ಥದ ಪದ ಅದು. ಕನ್ನಡಕ್ಕೆ ಬಂದಮೇಲೆ ಲಿಂಗ ನಿರ್ಧಾರವಾಗುವುದು ಪದದಿಂದಲ್ಲ, ಆ ಹೆಸರು ಹೊತ್ತವರಿಂದ.

ಇಷ್ಟಾದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಹಿರಿಯರ ಮಾತಿನಂತೆ ಸ್ಪಷ್ಟವಾದ ಹೆಣ್ಣು ಹೆಸರುಗಳನ್ನು ಒಂದೊಂದಾಗಿ ಜೋಡಿಸುತ್ತ ಹೋದೆವು. ಶಶಿ ಕಲಾ, ಶಶಿ ಪ್ರಭಾ, ಶಶಿ ರೇಖಾ, ಎಲ್ಲವೂ ಕಿವಿಗೆ ಹಿತವಾಗಿದ್ದವು. ಹಿತವಾಗಿದ್ದುದಕ್ಕೆ ಕಾರಣ ಅವು ಆಗಲೇ ಬಳಕೆಯಲ್ಲಿರುವ ಸಮಾಸಗಳು ಎಂಬುದು ಮಾತ್ರ ತಡವಾಗಿ ಹೊಳೆಯಿತು. ಶಶಿ ಎಂಬುದು ತಾನಾಗಿ ಯಾವ ಕಡೆಯೂ ಇಲ್ಲ, ಆದರೆ ಕಾಂತ, ಧರ, ಶೇಖರ ಸೇರಿದರೆ ಗಂಡಾಗುತ್ತದೆ, ಕಲಾ, ರೇಖಾ ಸೇರಿದರೆ ಹೆಣ್ಣಾಗುತ್ತದೆ. ಮಧ್ಯದ ಹೆಸರು ಹಾಗೆ ಅಂಟಿಕೊಂಡರೆ ಅದು ಮಧ್ಯದ ಹೆಸರಾಗಿ ಉಳಿಯದೆ ಮೊದಲನೆಯದನ್ನೇ ನುಂಗುತ್ತದೆ. ನಾಲ್ಕು ದಿನದಲ್ಲಿ ಎಲ್ಲರೂ ಅವಳನ್ನು ಶಶಿಕಲಾ ಎಂದೇ ಕರೆಯುತ್ತಾರೆ, ನಾವು ಇಷ್ಟು ಹುಡುಕಿದ್ದೆಲ್ಲ ವ್ಯರ್ಥವಾಗುತ್ತದೆ.

ಆ ಹೊತ್ತಿನಲ್ಲೇ ಜರ್ಮನಿಯ ಒಂದು ತೀರ್ಪಿನ ಬಗ್ಗೆ ಓದಿದೆ. ಅಲ್ಲಿ ಮಗಳಿಗೆ ಕಿರಣ್ ಎಂಬ ಒಂದೇ ಹೆಸರಿಟ್ಟ ತಂದೆತಾಯಿಗೆ, ಹೆಣ್ಣೆಂದು ಸ್ಪಷ್ಟಪಡಿಸುವ ಇನ್ನೊಂದು ಹೆಸರು ಸೇರಿಸದೆ ನೋಂದಣಿ ಸಾಧ್ಯವಿಲ್ಲ ಎಂದು ಹೇಳಲಾಗಿತ್ತು. 2008ರ ಡಿಸೆಂಬರ್‌ನಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವು ಅಂಥ ಒತ್ತಾಯಕ್ಕೆ ಆಧಾರವಿಲ್ಲ ಎಂದಿತು. ಓದಿ ಸ್ವಲ್ಪ ನಾಚಿಕೆಯೇ ಆಯಿತು. ನಮ್ಮನ್ನು ಯಾವ ಕಾನೂನೂ ಒತ್ತಾಯಿಸಿರಲಿಲ್ಲ, ಆದರೂ ಮೊದಲ ಹೆಸರಿಗೆ ಎರಡನೆಯದರಿಂದ ಸಮಜಾಯಿಷಿ ಕೊಡಿಸಲು ಹೊರಟಿದ್ದೆವು. ಅಂದಿನಿಂದ ಮಧ್ಯದ ಹೆಸರು ಹೆಣ್ಣಿನದಾಗಿದ್ದರೆ ಬೇಡವೆಂದಿಲ್ಲ, ಆದರೆ ಅದೇ ಕಾರಣಕ್ಕೆ ಆರಿಸುವುದಿಲ್ಲ ಎಂದು ನಿಶ್ಚಯಿಸಿಕೊಂಡೆವು. ಹಿರಿಯರಿಗೆ ಇದನ್ನು ತಿಳಿಸಿ ಹೇಳಲು ಹಿಡಿದ ಸಮಯದ ವಿಚಾರ ಇಲ್ಲಿ ಬೇಡ.

ಮುಂದೆ ನೋಡಿದ್ದು ಮುಖ್ಯವಾಗಿ ಕಿವಿಯ ಲೆಕ್ಕ. ಶಶಿ ಎರಡೇ ಮಾತ್ರೆಯ ಹೆಸರಾದ್ದರಿಂದ ಅದರ ಹಿಂದೆ ಮತ್ತೊಂದು ಚುಟುಕು ಹೆಸರು ಬಂದರೆ ಹೇಳುವಾಗ ಎಡವಿದಂತಾಗುತ್ತಿತ್ತು. ದೀರ್ಘಾಕ್ಷರವುಳ್ಳ ಹೆಸರು ಬಂದಾಗ ನಡಿಗೆ ಸರಿಹೋಗುತ್ತಿತ್ತು. ಸ್ವರದಿಂದ ಆರಂಭವಾಗುವ ಹೆಸರುಗಳನ್ನು ಕೈಬಿಟ್ಟೆವು, ಏಕೆಂದರೆ ಶಶಿ ಇಂಚರ ಎಂದು ವೇಗವಾಗಿ ಹೇಳಿದರೆ ನಡುವೆ ಯಕಾರ ಬಂದು ಶಶಿಯಿಂಚರ ಆಗುತ್ತದೆ. ಶಕಾರದಿಂದ ಆರಂಭವಾಗುವವು ನಾಲಿಗೆಗೆ ತೊಡಕು. ಕೌಮುದಿ ನನಗೆ ಬಹಳ ಪ್ರಿಯವಾಗಿತ್ತು, ಆದರೆ ಚಂದ್ರನ ಪಕ್ಕದಲ್ಲಿ ಬೆಳದಿಂಗಳು ಎಂದರೆ ಹೇಳಿದ್ದನ್ನೇ ಹೇಳಿದಂತೆ.

ಮಂದಾರ ಎಂಬುದನ್ನು ಸೂಚಿಸಿದವರು ನನ್ನ ಪತಿ. ಅಮರಕೋಶ ಹೇಳುವ ಐದು ದೇವವೃಕ್ಷಗಳಲ್ಲಿ ಅದೂ ಒಂದು. ಶಶಿಯೊಡನೆ ಸೇರಿ ಬಳಕೆಯ ಯಾವ ಸಮಾಸವನ್ನೂ ಅದು ಕಟ್ಟುವುದಿಲ್ಲ. ಐದು ಮಾತ್ರೆಗಳಿದ್ದು ಎರಡರ ಹಿಂದೆ ಸರಾಗವಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಕೇಳಿದವರು ಹುಡುಗಿಯ ಹೆಸರು ಎನ್ನುತ್ತಾರೆ, ಮರಾಠಿಯವರಿಗೆ ಮಂದಾರ್ ಎಂದರೆ ಹುಡುಗ. ನನಗೆ ಇದು ಅನಿರೀಕ್ಷಿತ ಲಾಭದಂತೆ ತೋರಿತು. ಒಂದೇ ಕೊರತೆಯೆಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಸಮುದ್ರಮಥನದ ಮಂದರ ಪರ್ವತವೂ ಇದೇ ರೂಪದಲ್ಲಿ ಬರುತ್ತದೆ, ದೀರ್ಘ ಎಲ್ಲಿದೆ ಎಂದು ತಿಳಿಯುವುದಿಲ್ಲ. ದೀರ್ಘ ತೋರಿಸಲು ಇನ್ನೊಂದು ಅಕ್ಷರ ಸೇರಿಸೋಣವೆಂದು ಅವರು ಹೇಳಿದರು. ಪ್ರತಿ ಅರ್ಜಿಯಲ್ಲೂ ಕಾಗುಣಿತ ವಿವರಿಸುವ ಹೊರೆ ಮಗಳಿಗೆ ಬೇಡವೆಂದು ನಾನು ಹೇಳಿದೆ, ಸೇರಿಸಲಿಲ್ಲ.

ಜನನ ಪ್ರಮಾಣಪತ್ರದ ಮೊದಲ ಪ್ರತಿಯಲ್ಲಿ ಎರಡು ಹೆಸರುಗಳೂ ಜಾಗ ಬಿಡದೆ ಶಶಿಮಂದಾರ ಎಂದು ಒಂದೇ ಪದವಾಗಿ ಅಚ್ಚಾಗಿ ಬಂದವು. ಸಮಾಸವಾಗದ ಹೆಸರನ್ನು ಅಷ್ಟು ದಿನ ಹುಡುಕಿದವರಿಗೆ ಇದು ತಮಾಷೆಯಾಗಿ ಕಾಣಬೇಕಿತ್ತು, ಕಾಣಲಿಲ್ಲ. ಬೇರೆ ದಾಖಲೆಗಳೆಲ್ಲ ಇದನ್ನೇ ಅನುಸರಿಸುತ್ತವೆ ಎಂಬ ಅರಿವಿದ್ದುದರಿಂದ, ಮತ್ತೆ ಯಾವ ಅರ್ಜಿಯನ್ನೂ ತುಂಬುವ ಮೊದಲೇ ತಿದ್ದುಪಡಿಗೆ ಕೊಟ್ಟೆವು, ಅದರ ಮೇಲೆ ಎರಡು ಹೆಸರುಗಳ ನಡುವೆ ಜಾಗವಿರಬೇಕೆಂದು ಕೈಬರಹದಲ್ಲಿ ಬೇರೆಯಾಗಿ ನಮೂದಿಸಿದೆವು. ಎರಡನೆಯ ಪ್ರತಿ ಸರಿಯಾಗಿ ಬಂತು.