ಸೈಟಿನ ಸೇಫ್ಟಿ ಮೀಟಿಂಗ್ ಬರೆದಿಡುವುದು ಹೇಗೆ?

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ಸೇರಿಸಿ ಹತ್ತು ನಿಮಿಷ ಮಾತಾಡುತ್ತಾರಲ್ಲ, ಟೂಲ್‌ಬಾಕ್ಸ್ ಟಾಕ್ ಅಂತ, ಅದರ ರಿಜಿಸ್ಟರ್ ತೆಗೆದು ನೋಡಿ. ಎಷ್ಟೋ ಸೈಟುಗಳಲ್ಲಿ ಪುಟ ಪುಟಕ್ಕೂ ಒಂದೇ ಸಾಲು: "ಹೆಲ್ಮೆಟ್, ಬೆಲ್ಟ್ ಬಗ್ಗೆ ತಿಳಿಸಲಾಯಿತು." ಕೆಳಗೆ ಸಾಲಾಗಿ ಸಹಿ. ಇಂಥ ಪುಸ್ತಕ ಯಾರ ಜೀವವನ್ನೂ ಉಳಿಸುವುದಿಲ್ಲ.

1996ರ ಕಟ್ಟಡ ಕಾರ್ಮಿಕರ ಕಾಯ್ದೆ 500 ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವ ಕಡೆ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರಬೇಕು ಎಂದಿತ್ತು. ನಾಲ್ಕಂತಸ್ತಿನ ಮನೆ ಕಟ್ಟುವ ಸೈಟಿನಲ್ಲಿ ಅಷ್ಟು ಜನ ಎಲ್ಲಿರುತ್ತಾರೆ? ಅಲ್ಲಿ ಸೂಪರ್‌ವೈಸರ್ ಅಥವಾ ಮೇಸ್ತ್ರಿಯೇ ಬರೆಯಬೇಕು. ಗಟ್ಟಿ ರಟ್ಟಿನ ನೋಟ್‌ಬುಕ್ ಸಾಕು. ಮೊದಲೇ ಪುಟಗಳಿಗೆಲ್ಲ ನಂಬರ್ ಹಾಕಿಬಿಡಿ, ಆಮೇಲೆ ಹಾಳೆ ಹರಿಯುವುದಕ್ಕಾಗಲಿ ಸೇರಿಸುವುದಕ್ಕಾಗಲಿ ಆಗಬಾರದು.

ತಾರೀಕು, ಸಮಯ, ಮಾತಾಡಿದವರ ಹೆಸರು ಬರೆಯುವುದು ಎಲ್ಲರಿಗೂ ಗೊತ್ತು. ಮುಖ್ಯವಾದದ್ದು ಅದರ ನಂತರದ ಸಾಲು: ಇವತ್ತು ಯಾವ ಕೆಲಸ, ಎಲ್ಲಿ, ಅದರಲ್ಲಿ ಏನು ಅಪಾಯ. ಪಾಯ ತೆಗೆಯುವ ದಿನ, ಎತ್ತರದಲ್ಲಿ ಕಟ್ಟಿಕೊಳ್ಳುವ ಬೆಲ್ಟಿನ ಬಗ್ಗೆ ಬರೆದು ಏನು ಪ್ರಯೋಜನ? ಆವತ್ತು ಬರೆಯಬೇಕಾದದ್ದು ಗುಂಡಿ ಎಷ್ಟು ಆಳ ಹೋಗುತ್ತದೆ, 1.5 ಮೀಟರ್ ದಾಟುವುದಾದರೆ ಪಕ್ಕದ ಮಣ್ಣು ಕುಸಿಯದಂತೆ ಶೋರಿಂಗ್, ಅಂದರೆ ಹಲಗೆ ಊರುಗೋಲಿನ ಆಸರೆ, ಕೊಟ್ಟಿದ್ದಾರಾ, ತೆಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಿದ್ದಾರಾ, ರಾತ್ರಿ ಮಳೆ ಬಂದಿತ್ತಾ ಅನ್ನುವುದನ್ನು.

ಕೆಲಸದವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಹೀಗೆ:

"ಮೂರನೇ ಮಹಡಿ. ಲಿಫ್ಟ್ ಗುಂಡಿ ಬಾಯಿಗೆ ಕಟ್ಟಿದ್ದ ಅಡ್ಡಪಟ್ಟಿ ನಿನ್ನೆ ಯಾರೋ ಬಿಚ್ಚಿದ್ದಾರೆ ಅಂತ ಸೆಂಟ್ರಿಂಗ್ ಮೇಸ್ತ್ರಿ ಹೇಳಿದರು. ಕಟ್ಟುವವರು: ಕಾರ್ಪೆಂಟರ್. ಬೆಳಿಗ್ಗೆ 10ರೊಳಗೆ. ಅಲ್ಲಿವರೆಗೆ ಆ ಕಡೆ ಯಾರೂ ಹೋಗುವಂತಿಲ್ಲ."

ನಿಮ್ಮ ಪುಸ್ತಕದಲ್ಲಿ ಮೇಸ್ತ್ರಿ, ಕಾರ್ಪೆಂಟರ್ ಇಬ್ಬರ ಹೆಸರೂ ಇರಲಿ. "ಸರಿಪಡಿಸಬೇಕು" ಅಂತ ಸುಮ್ನೆ ಬರೆದರೆ ಅದು ಯಾರ ಕೆಲಸವೂ ಅಲ್ಲ. ಮಾರನೇ ದಿನದ ಮೀಟಿಂಗನ್ನು ಅದೇ ಸಾಲಿನಿಂದ ಶುರು ಮಾಡಿ: ಆಯ್ತಾ, ಇಲ್ವಾ? ಆಗಿದ್ದರೆ ಸಮಯ ಬರೆದು, ನೋಡಿ ಬಂದವರು ಸಹಿ ಹಾಕಲಿ. ಆಗಿಲ್ಲದಿದ್ದರೆ ಯಾಕೆ ಆಗಲಿಲ್ಲ ಅಂತ ಬರೆಯಿರಿ. ಸಾಮಾನು ಬಂದಿಲ್ಲ ಅಂದರೆ ಹಾಗೇ ಬರೆಯಿರಿ, ಮಾಲೀಕರಿಗೆ ಅದೇ ಪುಟದ ಫೋಟೋ ಕಳಿಸಿ. ದುಡ್ಡು ಬಿಚ್ಚಿಸುವುದಕ್ಕೆ ಬಾಯಿ ಮಾತಿಗಿಂತ ಆ ಫೋಟೋ ಎಷ್ಟೋ ವಾಸಿ.

ಇನ್ನು ಸಹಿ. ಅರ್ಥವಾಗದ ಮಾತಿಗೆ ಹಾಕಿಸಿಕೊಂಡ ಸಹಿಗೆ ಬೆಲೆ ಇಲ್ಲ. ಬೆಂಗಳೂರಿನ ಒಂದೇ ಸ್ಲ್ಯಾಬಿನ ಮೇಲೆ ರಾಯಚೂರು, ಯಾದಗಿರಿ ಕಡೆಯವರೂ ಇರುತ್ತಾರೆ, ಬಿಹಾರ, ಒಡಿಶಾ, ಬಂಗಾಳದವರೂ ಇರುತ್ತಾರೆ. ಹಾಗಾಗಿ ಯಾವ ಭಾಷೆಯಲ್ಲಿ ಹೇಳಿದಿರಿ, ಹಿಂದಿಯಲ್ಲಿ ತಿಳಿಸಿದವರು ಯಾರು ಅನ್ನುವುದೂ ಪುಟದಲ್ಲಿರಲಿ. ಒಬ್ಬಿಬ್ಬರನ್ನು ಕರೆದು "ಈಗ ಏನು ಹೇಳಿದೆ, ನೀವೇ ಹೇಳಿ" ಅಂತ ಕೇಳಿ. ಹೆಬ್ಬೆಟ್ಟು ಒತ್ತುವವರ ಪಕ್ಕದಲ್ಲಿ ಪೂರ್ತಿ ಹೆಸರು ಬರೆಯಿರಿ. ಹೆಂಗಸರು ಹಿಂದೆ ನಿಂತಿರುತ್ತಾರೆ, ಮಣ್ಣು ಇಟ್ಟಿಗೆ ಹೊರುವವರು ಅವರೇ ಜಾಸ್ತಿ, ಆದರೂ ಅವರನ್ನು ಯಾರೂ ಕೇಳುವುದಿಲ್ಲ. ದಯವಿಟ್ಟು ಕೇಳಿ. ಏಣಿ ಅಲ್ಲಾಡುವುದು ಮೊದಲು ಗೊತ್ತಾಗುವುದು ದಿನವಿಡೀ ಹತ್ತಿ ಇಳಿಯುವವರಿಗೇ ಅಲ್ವಾ?

ತಡವಾಗಿ ಬಂದವರಿಗೆ, ಅದರಲ್ಲೂ ಅವತ್ತೇ ಕೆಲಸಕ್ಕೆ ಸೇರಿದವರಿಗೆ, ಬೇರೆಯಾಗಿ ಹೇಳಿ, ಸಮಯ ಹಾಕಿ ಕೊನೆಯಲ್ಲಿ ಸಹಿ ಮಾಡಿಸಿ. ಬರದವರ ಸಹಿಯನ್ನು ಇನ್ನೊಬ್ಬರು ಹಾಕಲೇಬಾರದು.

ತಪ್ಪು ಬರೆದರೆ ವೈಟ್ನರ್ ಬೇಡ. ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ. ಏನಾದರೂ ಅನಾಹುತವಾದರೆ ಮೊದಲು 108ಕ್ಕೆ ಫೋನ್ ಮಾಡಿ. ಆಮೇಲೆ ಪುಸ್ತಕವನ್ನು ಇದ್ದ ಹಾಗೇ ಎತ್ತಿಡಿ, ಹಳೇ ತಾರೀಕು ಹಾಕಿ ಒಂದಕ್ಷರವನ್ನೂ ಸೇರಿಸಬೇಡಿ.