ಎರಡು ಹೆಡರ್‌ಗಳ ಜಗಳ ಬಿಡಿಸಿದ್ದು

ಪುಣೆಯ ಹಿಂಜವಡಿಯಲ್ಲಿ ನಮ್ಮದು ಸಣ್ಣ ಟೀಮು. ಲಿನಕ್ಸ್ ಓಡುವ ಬೋರ್ಡುಗಳಿಗೆ ಬ್ಯಾಕಪ್ ಟೂಲ್ ಬರೆಯುವುದು ನನ್ನ ಪಾಲಿನ ಕೆಲಸ. ಟೂಲ್ ಡಿಸ್ಕನ್ನು ಮೌಂಟ್ ಮಾಡುತ್ತದೆ, ಅಂದರೆ ಬಳಕೆಗೆ ಜೋಡಿಸುತ್ತದೆ. ನಕಲು ತೆಗೆಯುವಷ್ಟು ಹೊತ್ತು ಫೈಲ್‌ಸಿಸ್ಟಮನ್ನು ಫ್ರೀಜ್ ಮಾಡುತ್ತದೆ, ಅಂದರೆ ಅದಕ್ಕೆ ಯಾರೂ ಬರೆಯದಂತೆ ತಡೆದಿಡುತ್ತದೆ. ಮೌಂಟ್‌ಗೆ ಸಿಸ್/ಮೌಂಟ್.ಎಚ್ ಎಂಬ ಹೆಡರ್ (ಕೋಡಿಗೆ ಬೇಕಾದ ಹೆಸರುಗಳನ್ನು ಪರಿಚಯಿಸುವ ಫೈಲು) ಬೇಕು, ಅದು ಜಿಲಿಬ್‌ಸಿ ಎಂಬ ಸಿ ಲೈಬ್ರರಿಯದು. ಫ್ರೀಜ್‌ಗೆ ಲಿನಕ್ಸ್/ಎಫ್‌ಎಸ್.ಎಚ್ ಬೇಕು, ಅದು ಲಿನಕ್ಸಿನ ತಿರುಳಾದ ಕರ್ನಲ್‌ನದು. ಎರಡೂ ಒಂದೇ ಸಿ ಫೈಲಿನಲ್ಲಿ ತೆಪ್ಪಗಿದ್ದವು.

ಟೂಲ್‌ಚೈನ್ (ಕಂಪೈಲರ್, ಲೈಬ್ರರಿಗಳ ಕಟ್ಟು) ಜಿಲಿಬ್‌ಸಿ 2.36ಕ್ಕೆ ಏರಿದ ದಿನ ಬಿಲ್ಡ್ ನಿಂತುಹೋಯಿತು. 'ಸ್ಟ್ರಕ್ಟ್ ಮೌಂಟ್_ಆಟ್ರ್' ಎರಡನೇ ಸಲ ಡಿಫೈನ್ ಆಗಿದೆಯಂತೆ. ಸ್ಟ್ರಕ್ಟ್ ಎಂದರೆ ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ಕಟ್ಟು. ಆ ಸ್ಟ್ರಕ್ಟ್ ಹೆಸರನ್ನೇ ನಾನು ಕೇಳಿರಲಿಲ್ಲ!

ಎಲ್ಲರೂ ಮಾಡುವ ಹಾಗೆ, ಹೆಡರ್‌ಗಳನ್ನು ಒಳಗೆ ತರುವ ಇನ್‌ಕ್ಲೂಡ್ ಸಾಲುಗಳನ್ನು ಹಿಂದೆ ಮುಂದೆ ಮಾಡಿದೆ. ಇದ್ದ ಎರರ್ ಜೊತೆ ಇನ್ನೊಂದು ಬಂತು: ಹೆಸರು ಇರಬೇಕಾದ ಕಡೆ ಅಂಕಿ ಇದೆ ಎಂದು. ಪಕ್ಕದಲ್ಲಿ ಕೂರುವ ಧಾರವಾಡದ ಅಕ್ಕ ಇಣುಕಿ ನೋಡಿದರು. "ಸುಮ್ನ ಸಾಲು ಅದಲಿ ಬದಲಿ ಮಾಡಬ್ಯಾಡಪಾ. ಮೊದಲ ಕಂಪೈಲರ್ ಏನ್ ಓದಾಕತ್ತೈತಿ ನೋಡು."

ನಮ್ಮ ಕಂಪೈಲರ್ ಜಿಸಿಸಿಗೆ ದೊಡ್ಡಕ್ಷರದ -ಎಚ್ ಆಯ್ಕೆ ಕೊಟ್ಟೆ. ಯಾವ ಹೆಡರ್ ಯಾವುದನ್ನು ಎಳೆದು ತಂದಿದೆ ಅಂತ ಚುಕ್ಕಿಗಳ ಲೆಕ್ಕದಲ್ಲಿ ತೋರಿಸುತ್ತದೆ. ಒಂದು ಚುಕ್ಕಿಯ ಲಿನಕ್ಸ್/ಎಫ್‌ಎಸ್.ಎಚ್ ಕೆಳಗೆ ಎರಡು ಚುಕ್ಕಿಯ ಲಿನಕ್ಸ್/ಮೌಂಟ್.ಎಚ್ ಕೂತಿತ್ತು. ನಾನು ಕರೆಯದೇ ಬಂದ ನೆಂಟ.

ಆಮೇಲೆ ದೊಡ್ಡಕ್ಷರದ -ಇ ಕೊಟ್ಟು, ಕಂಪೈಲ್‌ಗೆ ಮೊದಲು ಹೆಡರ್‌ಗಳನ್ನು ಸೇರಿಸಿ ಮ್ಯಾಕ್ರೋಗಳನ್ನು ಬಿಡಿಸುವ ಪ್ರಿಪ್ರೊಸೆಸರ್ ಉಗುಳಿದ್ದನ್ನು ಓದಿದೆ. ಕರ್ನಲ್ ಹೆಡರ್ ಎಂಎಸ್_ಆರ್‌ಡಿಓನ್ಲಿ ಎಂಬ ಹೆಸರನ್ನು ಮ್ಯಾಕ್ರೋ ಮಾಡಿದೆ, ಅಂದರೆ ಆ ಹೆಸರು ಕಂಡಲ್ಲೆಲ್ಲ 1 ಬಂದು ಕೂರುತ್ತದೆ. ಜಿಲಿಬ್‌ಸಿಯಲ್ಲಿ ಅದೇ ಹೆಸರು ಈನಮ್‌ನ (ಅಂಕಿಗಳಿಗೆ ಹೆಸರಿಡುವ ಪಟ್ಟಿಯ) ಸದಸ್ಯ. ಕರ್ನಲ್ ಹೆಡರ್ ಮೊದಲು ಬಂದರೆ ಈನಮ್‌ನೊಳಗಿನ ಹೆಸರು ಅಳಿಸಿಹೋಗಿ '1 = 1' ಉಳಿಯುತ್ತದೆ. ಕಂಪೈಲರ್ ಇನ್ನೇನು ಮಾಡೀತು, ಪಾಪ. ಇನ್ನು ಸ್ಟ್ರಕ್ಟ್ ಕತೆ ಬೇರೆ. 2.36ರಲ್ಲಿ ಹೊಸ ಮೌಂಟ್ ಕರೆಗಳು ಜಿಲಿಬ್‌ಸಿಗೆ ಸೇರಿದವು. ಅವುಗಳ ಜೊತೆ ಕರ್ನಲ್‌ನಲ್ಲಿ ಆಗಲೇ ಇದ್ದ ಸ್ಟ್ರಕ್ಟು, ಈನಮ್ಮುಗಳು ಸಿಸ್/ಮೌಂಟ್.ಎಚ್‌ಗೂ ಬಂದವು. ಹೆಡರ್ ಎರಡು ಸಲ ಬರದಂತೆ ಅದರ ತಲೆಯಲ್ಲಿ ಹಾಕುವ ಹೆಡರ್ ಗಾರ್ಡ್ ಇದೆಯಲ್ಲ ಅಂತ ಕೇಳಬಹುದು. ಗಾರ್ಡ್ ತನ್ನ ಫೈಲು ಎರಡು ಸಲ ಬರದಂತೆ ತಡೆಯುತ್ತದೆ, ಅಷ್ಟೇ. ಬೇರೆ ಫೈಲಿನಲ್ಲಿರುವ ಅದೇ ಸ್ಟ್ರಕ್ಟ್ ಅದಕ್ಕೆ ಕಾಣುವುದಿಲ್ಲ.

ಕರ್ನಲ್ ಹೆಡರ್‌ನ ಗಾರ್ಡ್ ಹೆಸರನ್ನು ನಾನೇ ಮೊದಲು ಡಿಫೈನ್ ಮಾಡಿ ಅದನ್ನು ಖಾಲಿಯಾಗಿಸಿಯೂ ನೋಡಿದೆ. ಕಂಪೈಲ್ ಆಯಿತು. ಅಕ್ಕನಿಗೆ ತೋರಿಸಲು ನಾಚಿಕೆಯಾಯಿತು, ಅಳಿಸಿದೆ.

ಕೊನೆಗೆ ಫೈಲನ್ನೇ ಎರಡು ಮಾಡಿದೆ. ಒಂದರಲ್ಲಿ ಸಿಸ್/ಮೌಂಟ್.ಎಚ್ ಮತ್ತು ಮೌಂಟ್ ಕೋಡು. ಇನ್ನೊಂದರಲ್ಲಿ ಲಿನಕ್ಸ್/ಎಫ್‌ಎಸ್.ಎಚ್ ಮತ್ತು ಫ್ರೀಜ್ ಕೋಡು. ನಡುವೆ ನನ್ನದೇ ಪುಟ್ಟ ಹೆಡರು. ಅದರಲ್ಲಿ ಬರೀ ಇಂಟ್ ಮತ್ತು ಕ್ಯಾರ್ ಪಾಯಿಂಟರ್ ತೆಗೆದುಕೊಳ್ಳುವ ಮೂರು ಫಂಕ್ಷನ್. ಆ ಹೆಡರ್‌ಗೆ ಕರ್ನಲ್ ಹೆಡರ್ ಸೇರಿಸಲೇಬಾರದು, ಸೇರಿಸಿದರೆ ಮತ್ತೆ ಅದೇ ಪಾಡು. ಮೊದಲ ದಿನ ನಾನೇ ಸೇರಿಸಿಬಿಟ್ಟಿದ್ದೆ.

ಜಿಲಿಬ್‌ಸಿ 2.37ರಲ್ಲಿ ಸಿಸ್/ಮೌಂಟ್.ಎಚ್ ತಾನೇ ಲಿನಕ್ಸ್/ಮೌಂಟ್.ಎಚ್ ಅನ್ನು ಒಳಗೆ ಕರೆದುಕೊಂಡು, ಅಡ್ಡ ಬರುವ ಮ್ಯಾಕ್ರೋಗಳನ್ನು ಅನ್‌ಡೆಫ್ ಮಾಡುತ್ತದೆ, ಅಂದರೆ ರದ್ದು ಮಾಡುತ್ತದೆ. ಅದು ನಮಗೆ ಬಂದ ಮೇಲೆ ಹಳೆಯ ಫೈಲನ್ನು ಕುತೂಹಲಕ್ಕೆ ಕಂಪೈಲ್ ಮಾಡಿದೆ. ಒಂದು ಎರರ್ ಕೂಡ ಇಲ್ಲ! ಆದರೂ ಎರಡು ಫೈಲುಗಳನ್ನು ಒಂದು ಮಾಡಲಿಲ್ಲ. ನಮ್ಮ ಇನ್ನೊಂದು ಬೋರ್ಡು ಆಗಿನ್ನೂ 2.36ರಲ್ಲೇ ಇತ್ತು.